ರಾಣಿಯಮ್ಮನ ತಂಗಿಗೆ ಮಾತು ಬರುವುದಿಲ್ಲ

ನಮ್ಮ ಮನೆಯಲ್ಲಿ ಒಬ್ಬರು ಮೂಗಿ ಇದ್ದಾರೆ ಎಂಬುದು ಬೀದಿಗೆಲ್ಲ ಗೊತ್ತು. ಆ ಮೂಗಿ ಬೆಳಗ್ಗೆ ಆರು ಗಂಟೆಗೆ ಎದ್ದು ಮೊದಲು ಮಾಡುವ ಕೆಲಸ ನನ್ನನ್ನು ಬೈಯುವುದು.

“ಏನೇ ಇದು, ಪಾತ್ರೆ ಹಾಗೇ ಬಿಟ್ಟು ಮಲಗಿದ್ದೀಯಲ್ಲ! ಜಿರಲೆಗಳನ್ನ ಊಟಕ್ಕೆ ಕರೆದಿದ್ದೀಯಾ?”

ಬೈಗುಳ ಬೈಗುಳವೇ. ಆದರೆ ಎಂಥ ಧ್ವನಿ ಅಂತೀರಿ! ಇಪ್ಪತ್ತೆರಡು ವರ್ಷ ಸಿನಿಮಾ ಮಂದಿರಗಳಲ್ಲಿ ಜನ ಕರ್ಚೀಫು ಒದ್ದೆ ಮಾಡಿಕೊಂಡದ್ದು ಆ ಧ್ವನಿಗೆ. ಅದೇ ಧ್ವನಿಯಲ್ಲಿ ಜಿರಲೆಯ ವಿಚಾರ ಕೇಳಿಸಿಕೊಳ್ಳುವ ಭಾಗ್ಯ ನನ್ನೊಬ್ಬಳದು.

ಅವರು ನನ್ನ ಚಿಕ್ಕತ್ತೆ. ಅವರ ಅಕ್ಕ, ಅಂದರೆ ನನ್ನ ಅತ್ತೆ, ನೀವೆಲ್ಲ ಬಲ್ಲ ನಟಿ. ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡೀ ಮಾಡೀ ಅವರಿಗೆ ರಾಣಿಯಮ್ಮ ಎಂದೇ ಹೆಸರು ಬಿತ್ತು. ಸಿನಿಮಾಕ್ಕೆ ಹೋದ ಮೇಲೂ ಅದೇ ಉಳಿಯಿತು. ನಲವತ್ತೆರಡು ಸಿನಿಮಾ. ಮುಖ ಅತ್ತೆಯದು, ಧ್ವನಿ ಚಿಕ್ಕತ್ತೆಯದು. ಈ ಗುಟ್ಟನ್ನು ನಾನು ಸೊಸೆಯಾಗಿ ಬಂದ ಮೂರನೇ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಹೇಳಿದರು. ಮೂರು ದಿನ ನಾನೂ ಅವರನ್ನು ಮೂಗಿ ಎಂದುಕೊಂಡು ಕೈಸನ್ನೆಯಲ್ಲೇ ಉಪ್ಪು ಕೇಳಿದ್ದೆ. ಈಗಲೂ ಅದನ್ನು ನೆನೆಸಿಕೊಂಡು ಇಬ್ಬರೂ ನಗುತ್ತಾರೆ.

ಆದದ್ದು ಇಷ್ಟು. ಇಬ್ಬರೂ ತಾಯಿಯಿಲ್ಲದ ಮಕ್ಕಳು, ಬೆಳೆದದ್ದು ನಾಟಕ ಕಂಪನಿಯ ಡೇರೆಯಲ್ಲಿ. ಅತ್ತೆಗೆ ಅಕ್ಷರ ಅಷ್ಟಕ್ಕಷ್ಟೆ. ತಂಗಿ ಪರದೆಯ ಹಿಂದೆ ಕುಳಿತು ಮಾತು ಎತ್ತಿಕೊಡುವಳು, ಅಕ್ಕ ರಂಗದ ಮೇಲೆ ಆಡುವಳು. ಆಗ ಮೈಕೂ ಇಲ್ಲ, ಗೀಕೂ ಇಲ್ಲ. ಕೊನೆಯ ಬೆಂಚಿಗೂ ಕೇಳಬೇಕೆಂದರೆ ಗಂಟಲೇ ಗತಿ. ಒಂದು ವರ್ಷ ಇನ್ನೊಬ್ಬ ನಟಿ ಕಂಪನಿ ಬಿಟ್ಟು ಹೋದಳು. ಚಿಕ್ಕತ್ತೆಗೆ ಟೈಫಾಯಿಡ್, ಔಷಧಿಗೆ ದುಡ್ಡು ಆಗಬೇಕು. ಅತ್ತೆ ಗಂಟಲು ಊದಿಕೊಂಡಿದ್ದರೂ ಮೂರು ತಿಂಗಳು ದಿನಕ್ಕೆರಡು ಆಟ ಆಡಿದರು. ತಂಗಿ ಬದುಕಿದಳು, ಅಕ್ಕನ ಗಂಟಲು ಒಡೆಯಿತು. ಅಂದಿನಿಂದ ಅವರದು ಬೋಗುಣಿಗೆ ಮರಳು ಉಜ್ಜಿದಂಥ ಧ್ವನಿ.

ಸಿನಿಮಾದವರು ಬಂದಾಗ ಮುಖ ಒಪ್ಪಿದರು, ಧ್ವನಿ ಒಪ್ಪಲಿಲ್ಲ. ಮಾತನ್ನೆಲ್ಲ ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಸೇರಿಸುತ್ತಿದ್ದ ಕಾಲ ಅದು. ಅಲ್ಲಿ ತಂಗಿ ನಿಂತರು. ಸಿನಿಮಾ ಓಡಿತು. ಪತ್ರಿಕೆಗಳು ರಾಣಿಯಮ್ಮನ ಧ್ವನಿಯನ್ನೇ ಹೊಗಳಿ ಬರೆದವು. ಒಂದು ದಿನ ಪತ್ರಕರ್ತನೊಬ್ಬ ಬಾಗಿಲು ತಟ್ಟಿದಾಗ ಚಿಕ್ಕತ್ತೆ “ಯಾರು ಬೇಕಿತ್ತು?” ಅಂದುಬಿಟ್ಟರು. ಅವನು ಬಿಟ್ಟ ಬಾಯಿ ಬಿಟ್ಟಂತೆಯೇ ನಿಂತನಂತೆ. ಆ ಸಂಜೆಯೇ ನಿರ್ಮಾಪಕ ಮನೆಗೆ ಬಂದು ಹೇಳಿ ಹೋದ: ಈಕೆ ಹೊರಗಿನವರ ಮುಂದೆ ಬಾಯಿ ಬಿಡಕೂಡದು. ಪಕ್ಕದ ಮನೆಯವರು “ಪಾಪ, ಮಾತು ಬರಲ್ವಾ?” ಅಂದರು. ಇವರು ಇಲ್ಲ ಅನ್ನಲೂ ಇಲ್ಲ, ಹೌದು ಅನ್ನಲೂ ಇಲ್ಲ. ಮೂಗಮ್ಮ ಎಂಬ ಹೆಸರು ಹಾಗೆ ಅಂಟಿಕೊಂಡಿತು.

ಅತ್ತೆಯೂ ಸುಮ್ಮನೆ ಪಾರಾಗಲಿಲ್ಲ. ಪ್ರಾಣದಂತಿದ್ದ ನಾಟಕ ಬಿಟ್ಟರು. ರಂಗದ ಮೇಲೆ ಡಬ್ಬಿಂಗ್ ನಡೆಯುತ್ತದೆಯೇ? ಹೊರಗಿನವರು ಬಂದರೆ ಕತ್ತಿಗೆ ಶಾಲು ಸುತ್ತಿಕೊಂಡು ಪಿಸುಮಾತಿನಲ್ಲೇ ಮುಗಿಸುತ್ತಾರೆ. ಧ್ವನಿ ಕಾಪಾಡಿಕೊಳ್ಳುತ್ತಾರೆ, ದೊಡ್ಡ ಕಲಾವಿದೆಯಲ್ಲವೇ, ಎಂದು ಜನ ಮೆಚ್ಚಿಕೊಳ್ಳುತ್ತಾರೆ. ಫೋನಿನಲ್ಲಿ, ರೇಡಿಯೋ ಸಂದರ್ಶನದಲ್ಲಿ ಮಾತಾಡುವ ರಾಣಿಯಮ್ಮ ಮಾತ್ರ ಚಿಕ್ಕತ್ತೆ.

ಇದು ಹೀಗೇ ಸವೆದು ಹೋಗುತ್ತಿತ್ತೇನೋ. ಅತ್ತೆಗೆ ಎಪ್ಪತ್ತು ದಾಟಿ, ಹನ್ನೊಂದು ವರ್ಷದಿಂದ ಯಾರೂ ಪಾತ್ರ ಕೊಟ್ಟಿರಲಿಲ್ಲ. ಆಗ ಬಂದ ಆ ಗಡ್ಡದ ಹುಡುಗ ನಿರ್ದೇಶಕ.

ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು ಶಾಲೆಯ ಸಮವಸ್ತ್ರಗಳ ಅಂಚು ಬಿಚ್ಚುತ್ತಿದ್ದೆ. ಎಲ್ಲ ಕಿವಿಗೆ ಬಿತ್ತು. ಲಾಂಡ್ರಿ ನಡೆಸುವ ಮುದುಕಿಯ ಕಥೆ, ಮುದುಕಿಯೇ ನಾಯಕಿ.

“ಇಡೀ ಸಿನಿಮಾ ನಿಮ್ಮ ಮೇಲೇ ನಿಂತಿದೆ ಅಮ್ಮ,” ಅಂದ. “ಆದ್ರೆ ಒಂದ್ ವಿಷ್ಯ. ನಾನು ಡಬ್ಬಿಂಗ್ ಮಾಡ್ಸಲ್ಲ. ಕ್ಯಾಮೆರಾ ಮುಂದೆ ನೀವು ಏನ್ ಮಾತಾಡ್ತೀರೋ ಅದೇ ಫೈನಲ್.”

ಟೀ ತಂದ ಚಿಕ್ಕತ್ತೆ ಅವನ ಕಪ್ಪನ್ನೂ ಅಕ್ಕನ ಮುಂದೆಯೇ ಇಟ್ಟರು. ಅತ್ತೆ ತಂಗಿಯ ಮುಖ ನೋಡಲಿಲ್ಲ, ಮಗನನ್ನು ಕೇಳಲಿಲ್ಲ. ಶಾಲಿನೊಳಗಿಂದ ಪಿಸುಗುಟ್ಟಿದರು: “ಆಯ್ತಪ್ಪ. ಮಾಡ್ತೀನಿ.”

ಅವನು ಕಾಲು ಮುಟ್ಟುವಷ್ಟು ಬಗ್ಗಿ, ಸ್ಕ್ರಿಪ್ಟು ಇಟ್ಟು ಹೋದ.

ರಾತ್ರಿ ಊಟಕ್ಕೆ ಕುಳಿತಾಗ ಶುರುವಾಯಿತು. ನನ್ನ ಗಂಡ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಎಲ್ಲೇ ಫ್ಯೂಸು ಹೋದರೂ ಅರ್ಜಿ ಬರೆದು ಸರಿಮಾಡಬಹುದು ಎಂದು ನಂಬಿದ ಮನುಷ್ಯ.

“ಅಮ್ಮ, ಒಪ್ಪೋಕೆ ಮುಂಚೆ ಒಂದ್ ಮಾತು ಕೇಳ್ಬಾರ್ದಾ? ನಿನ್ನ ಗಂಟಲು ಕೇಳಿದ್ರೆ ಜನ ಏನಂತಾರೆ?”

“ಏನಾದ್ರೂ ಅನ್ಲಿ. ನಂಗೆ ಪಾತ್ರ ಬೇಕು,” ಅಂದರು ಅತ್ತೆ. “ಹನ್ನೊಂದು ವರ್ಷ ಕಿಟಕಿ ಪಕ್ಕ ಕೂತು ಬೇಳೆ ಆರಿಸಿದ್ದೀನಿ. ಇನ್ನೆಷ್ಟು ಆರಿಸ್ಲಿ? ಆರಿಸಿ ಆರಿಸಿ ಈಗ ಕಲ್ಲೂ ಸಿಗ್ತಿಲ್ಲ.”

“ನಿಜ ಹೇಳ್ಬಿಡಿ ಅಜ್ಜಿ,” ಅಂದಳು ನನ್ನ ಮಗಳು. ಹದಿನಾರರವಳು, ಬಾಯಿ ನನ್ನದೇ. ಮನೆಯಲ್ಲಿ ಅವಳನ್ನು ಗಿಣಿ ಎಂದು ಕರೆಯುತ್ತೇವೆ.

“ನಿಜ ಹೇಳಿದ್ರೆ ಮೋಸ ಅಂತಾರೆ ಕಣೇ. ನಲವತ್ತೆರಡು ಸಿನಿಮಾದ ಮೋಸ!” ಅಂದರು ನನ್ನ ಗಂಡ. ಆಮೇಲೆ ಒಂದು ತುತ್ತು ತಿಂದು, ಮುಖ ಅರಳಿಸಿದರು. “ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ವಯಸ್ಸಾಯ್ತು, ಹಳೇ ಧ್ವನಿ ಹೋಯ್ತು ಅನ್ನೋಣ. ಎಪ್ಪತ್ತೊಂದಕ್ಕೆ ಯಾರಿಗೆ ಹೋಗಲ್ಲ? ಪತ್ರಿಕೆಯವರಿಗೂ ಹಾಗೇ ಹೇಳಿದ್ರಾಯ್ತು. ಆ ಧ್ವನಿ ಇನ್ನಿಲ್ಲ. ಮುಗೀತು ಕಥೆ.”

ಅತ್ತೆ ತಲೆಯಾಡಿಸಿದರು. ನನಗೂ, ಸುಳ್ಳೇಕೆ ಹೇಳಲಿ, ಭೇಷ್ ಅನ್ನಿಸಿತು.

ಬಟಾಣಿ ಸುಲಿಯುತ್ತಿದ್ದ ಚಿಕ್ಕತ್ತೆಯ ಕೈ ನಿಂತಿತು.

“ಹಾಗಾದ್ರೆ ನಾನು ಸತ್ತೆ,” ಅಂದರು.

“ಅಯ್ಯೋ ಚಿಕ್ಕಮ್ಮ, ಬಿಡ್ತು ಅನ್ನಿ!”

“ಯಾಕೋ? ನೀನೇ ಹೇಳಿದ್ಯಲ್ಲ, ಆ ಧ್ವನಿ ಇನ್ನಿಲ್ಲ ಅಂತ. ಅದು ಸತ್ತೋಯ್ತು ಅಂತ ಪತ್ರಿಕೇಲಿ ಬರುತ್ತೆ. ನಾನು ಇಲ್ಲಿ ಕೂತು ಬಟಾಣಿ ಸುಲೀತಿರ್ತೀನಿ.” ಅಕ್ಕನತ್ತ ತಿರುಗಿದರು. “ನಿನ್ನ ಹೆಸರಲ್ಲಾದ್ರೂ ಅದು ಬದುಕಿತ್ತು. ರೇಡಿಯೋದಲ್ಲಿ ಬಂದಾಗ ಒಲೆ ಸಣ್ಣ ಮಾಡಿ ಕೇಳ್ತಿದ್ದೆ. ಅದೂ ಬೇಡ ಅಂತೀಯಾ?”

“ನಾನೇನು ಮಾಡ್ಲಿ ಪುಟ್ಟಿ? ಮತ್ತೆ ಯಾರು ಕರೀತಾರೆ ನನ್ನ?”

“ನೀನು ನಾಟಕ ಬಿಟ್ಟಿದ್ದಕ್ಕೆ ಮೂವತ್ತು ವರ್ಷದಿಂದ ಅಳ್ತಾ ಇದ್ದೀಯ. ನಾನು ಮಾತೇ ಬಿಟ್ಟೆ. ಒಂದ್ ದಿನ ಅತ್ತಿದ್ದೀನಾ?”

ಹೌದು, ಅತ್ತಿರಲಿಲ್ಲ. ಮೂಗಿಯಾದರೂ ಪರವಾಗಿಲ್ಲ ಎಂದು ಅವರನ್ನು ಕೇಳಿಕೊಂಡು ಬಂದಿದ್ದ ಒಬ್ಬ ಶಾಲಾ ಮೇಷ್ಟರ ವಿಚಾರ ನನಗೆ ಗೊತ್ತಿತ್ತು. ಒಳ್ಳೆಯ ಮನುಷ್ಯನಂತೆ. ಮದುವೆಯಾದರೆ ಅವನೊಂದಿಗೆ ಮಾತಾಡಲೇಬೇಕಾಗುತ್ತದೆ ಎಂದು ಇವರು ತಲೆ ಅಲ್ಲಾಡಿಸಿ ಕಳಿಸಿದ್ದರು. ಅದನ್ನೂ ನಗುತ್ತಲೇ ಹೇಳಿದ್ದರು.

ಆ ರಾತ್ರಿ ನಗಲಿಲ್ಲ. ಬಟಾಣಿಯ ಬುಟ್ಟಿ ನನ್ನ ಮುಂದಿಟ್ಟು ಎದ್ದು ಹೋದರು. ಮಾರನೆಯ ಬೆಳಗ್ಗೆ ನನ್ನನ್ನು ಯಾರೂ ಬೈಯಲಿಲ್ಲ. ಬೇಕೆಂದೇ ಪಾತ್ರೆ ಬಿಟ್ಟು ಮಲಗಿದ್ದೆ. ಅವರು ತಾವೇ ತೊಳೆದಿಟ್ಟರು. ಹೊರಗೆ ಮೂಗಿಯಾಗಿದ್ದವರು ಈಗ ಮನೆಯೊಳಗೂ ಮೂಗಿಯಾದರು.

ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಬಂಗಾರ ರಾಶಿ ಬಿದ್ದಿತ್ತು, ಮುಟ್ಟುವವರಿಲ್ಲ. ಚಿಕ್ಕತ್ತೆ ಅಡುಗೆ ಮಾಡಿದರು, ಬಡಿಸಿದರು, ಮೊಟ್ಟೆಯ ದೊಡ್ಡ ಹೋಳನ್ನು ಎಂದಿನಂತೆ ಗಿಣಿಯ ತಟ್ಟೆಗೆ ಹಾಕಿದರು. ಮಾತೊಂದಿಲ್ಲ. ಗಿಣಿ ಚೇಷ್ಟೆ ಮಾಡಿ ನೋಡಿದಳು, ಗೋಗರೆದು ನೋಡಿದಳು. ಇವರು ಕಚೇರಿಯಿಂದ ಬರುತ್ತಾ ಸೇಬು ತಂದು ಚಿಕ್ಕಮ್ಮನ ಕೈಗೇ ಕೊಟ್ಟರು. ಅವರು ತೊಳೆದು, ಕತ್ತರಿಸಿ, ನಮಗೆಲ್ಲ ಹಂಚಿ, ತಾವು ತಿನ್ನದೆ ಹೋದರು.

“ನಿಮ್ಮ ಐಡಿಯಾಗೆ ಇಷ್ಟು ಬೆಂಕಿ ಹಾಕ,” ಅಂದೆ ನಾನು ಗಂಡನಿಗೆ.

“ನೀನೂ ಭೇಷ್ ಅನ್ನೋ ಹಾಗೆ ನೋಡ್ತಿದ್ದೆ ಕಣೇ!”

“ನೋಡಿದ್ದೆ, ಅಂದಿದ್ನಾ?”

ಅತ್ತೆಗೆ ಬಂದದ್ದು ಬೇರೆಯೇ ಕಷ್ಟ. ಅವರು ಮಾತು ಕಲಿಯುವುದು ಕಿವಿಯಿಂದ. ಐವತ್ತು ವರ್ಷ ತಂಗಿ ಓದಿದ್ದಾರೆ, ಇವರು ಕಲಿತಿದ್ದಾರೆ. ಈಗ ಸ್ಕ್ರಿಪ್ಟು ಹಿಡಿದು ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ಕುಳಿತರು. ನಾನು ಕೆಲಸ ನಿಲ್ಲಿಸಿ ಓದಿದೆ. ನಾಲ್ಕು ಸಾಲು ಆಗಿರಲಿಲ್ಲ.

“ಏನೇ, ದಿನಸಿ ಚೀಟಿ ಓದ್ತಿದ್ದೀಯಾ? ಆ ಮುದುಕಿ ಮಗನಿಗೆ ಕಾಯ್ತಾ ಇದ್ದಾಳೆ, ಸೋಪಿಗಲ್ಲ.”

“ನಾನು ದರ್ಜಿ ಅತ್ತೆ. ಮುದುಕಿ ಮನಸ್ಸು ನನ್ನ ಟೇಪಿಗೆ ಸಿಗಲ್ಲ.”

ಗಿಣಿ ಓದಿದಳು, ಅದು ಶಾಲೆಯ ಭಾಷಣವಾಯಿತು. ನನ್ನ ಗಂಡ ಓದಿದರು, ಅದು ಕಚೇರಿಯ ಸುತ್ತೋಲೆಯಾಯಿತು. ಹತ್ತು ದಿನದಲ್ಲಿ ಅತ್ತೆಗೆ ಎರಡು ಪುಟವೂ ಬರಲಿಲ್ಲ. ಊಟ ಸೇರದಾಯಿತು. ಒಂದು ಮಧ್ಯಾಹ್ನ ಸ್ಕ್ರಿಪ್ಟನ್ನು ಮೇಜಿನ ಮೇಲೆ ಒಗೆದು, ಅಡುಗೆಮನೆಯತ್ತ ನೋಡುತ್ತಾ ಜೋರಾಗಿ ಅಂದರು: “ಬೇಡ, ಬರಲ್ಲ ಅಂತ ಹೇಳಿ ಆ ಹುಡುಗನಿಗೆ. ರಾಣಿಯಮ್ಮ ಸತ್ತಳು ಅನ್ನಿ. ಇಬ್ರೂ ಒಟ್ಟಿಗೇ ಹೋಗ್ತೀವಿ.”

ಒಳಗೆ ಸೌಟಿನ ಸದ್ದು ನಿಂತಿತು. ಚಿಕ್ಕತ್ತೆ ಕೈ ಒರೆಸಿಕೊಳ್ಳುತ್ತಾ ಬಂದರು. ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ, ಮೊದಲ ಪುಟ ತೆಗೆದು ಓದತೊಡಗಿದರು. ನನ್ನ ಯಂತ್ರ ತಾನಾಗಿ ನಿಂತಿತು. ಮೂರೇ ಸಾಲಿಗೆ ಆ ಲಾಂಡ್ರಿಯ ಮುದುಕಿ ನಮ್ಮ ಮನೆಯೊಳಗೆ ಬಂದು ಕುಳಿತಂತಾಯಿತು.

ಆದರೆ ಅಷ್ಟೇ. ಮುದುಕಿಯ ಮಾತು ಬಿಟ್ಟು ತಮ್ಮದೊಂದು ಮಾತಿಲ್ಲ. ದಿನಾ ಮಧ್ಯಾಹ್ನ ಎರಡು ಗಂಟೆ ಓದುವುದು, ಆಮೇಲೆ ಬಾಯಿಗೆ ಬೀಗ. ಅತ್ತೆ ತಪ್ಪಿದರೆ ಬೆರಳೆತ್ತುವುದು, ಸರಿಯಾದರೆ ಪುಟ ತಿರುವುವುದು. ಉಪ್ಪಿನ ಡಬ್ಬಿ ಬೇಕಾದರೂ ಕೈ ತೋರಿಸುವುದು. ಅತ್ತೆ ಮೊದಮೊದಲು ತಂಗಿಯ ಹಾಗೆ ಇಂಪಾಗಿ ಹೇಳಲು ಹೋಗಿ ಕೆಮ್ಮುತ್ತಿದ್ದರು. ಚಿಕ್ಕತ್ತೆ ತಲೆ ಅಡ್ಡ ಆಡಿಸಿ, ಅಕ್ಕನ ಗಂಟಲ ಮೇಲೆ ಕೈಯಿಟ್ಟು, ಇದರಲ್ಲೇ ಹೇಳು ಎಂಬಂತೆ ಒತ್ತಿದರು. ಒಡಕು ಧ್ವನಿಯಲ್ಲೇ ಹೇಳಿದಾಗ ನನಗೆ ಮೈ ಜುಮ್ಮೆಂದಿತು. ದಿನವೆಲ್ಲ ಸೋಪಿನ ನೀರು, ಹೊಗೆ ಕುಡಿದ ಮುದುಕಿಗೆ ಇನ್ನೆಂಥ ಧ್ವನಿ ಇರುತ್ತದೆ?

“ಅಜ್ಜಿ, ಚಿಕ್ಕಜ್ಜಿ ಧ್ವನಿಗಿಂತ ಇದೇ ಸೂಪರ್!” ಎಂದು ಕಿರುಚಿದಳು ಗಿಣಿ.

ಚಿಕ್ಕತ್ತೆ ಸ್ಕ್ರಿಪ್ಟು ಮುಚ್ಚಿ ಎದ್ದು ಹೋದರು. ನಾನು ಮಗಳ ತಲೆಗೊಂದು ಕೊಟ್ಟೆ. ಹಿತ್ತಲಿಗೆ ಹೋಗಿ ನೋಡಿದರೆ, ಅವರು ಒಣಗಿದ ಬಟ್ಟೆಗಳ ನಡುವೆ ನಿಂತು ಅಳುತ್ತಿದ್ದರು. ಮೊದಲ ಸಲ ಕಂಡದ್ದು. ಸುಮ್ಮನೆ ಬಟ್ಟೆ ಮಡಚಲು ಕೈ ಹಚ್ಚಿದೆ. ಮಾರನೆಯ ದಿನ ಎರಡು ಗಂಟೆಗೆ ಸರಿಯಾಗಿ ಅವರು ಮತ್ತೆ ಕುರ್ಚಿಯಲ್ಲಿದ್ದರು. ನಾನಾಗಿದ್ದರೆ ಬರುತ್ತಿರಲಿಲ್ಲ, ಖಂಡಿತ.

ಐದನೆಯ ವಾರ ಶೂಟಿಂಗು. ಊರಿನಾಚೆ ಒಂದು ಹಳೆಯ ಮನೆ, ಅಂಗಳದ ತುಂಬ ತಂತಿ, ತಂತಿಯ ತುಂಬ ಬಿಳಿ ಬಟ್ಟೆ. ನನ್ನ ಗಂಡ ರಜೆ ಹಾಕಿ ಬಂದಿದ್ದರು, ಗಿಣಿ ಶಾಲೆ ತಪ್ಪಿಸಿ ಬಂದಿದ್ದಳು. ಚಿಕ್ಕತ್ತೆ ಅಕ್ಕನ ಟವೆಲು, ಮಾತ್ರೆ ಹಿಡಿದುಕೊಂಡು ಮೂಲೆಯ ಸ್ಟೂಲಿನ ಮೇಲೆ ಕುಳಿತರು. ಮೇಕಪ್ಪಿನವನು ಅವರಿಗೆ ಟೀ ಬೇಕಾ ಎಂದು ಕೈಸನ್ನೆಯಲ್ಲಿ ಕೇಳಿದ. ಅವರು ತಲೆಯಾಡಿಸಿದರು. ಅರವತ್ತು ಜನರ ಎದುರು ನನ್ನ ಗಂಡ ತಮ್ಮ ಪಾಠ ಒಪ್ಪಿಸಿದರು: “ವಯಸ್ಸು ನೋಡಿ ಸಾರ್. ಅಮ್ಮನ ಹಳೇ ಧ್ವನಿ ಈಗಿಲ್ಲ.” ಎಲ್ಲರೂ ಅಯ್ಯೋ ಪಾಪ ಅಂದರು. ನಾನು ಚಿಕ್ಕತ್ತೆಯ ಮುಖ ನೋಡಲಾರದೆ ಟವೆಲು ನೋಡಿದೆ.

ದೃಶ್ಯ ಸಣ್ಣದು. ಮುದುಕಿ ಒಲೆಯ ಮುಂದೆ ಕುಳಿತಿದ್ದಾಳೆ. ಮಗ ಈ ಸಲವೂ ಬರುವುದಿಲ್ಲ ಎಂದು ಪಕ್ಕದ ಮನೆಯವಳು ಬಂದು ಹೇಳುತ್ತಾಳೆ. ಮುದುಕಿಗೆ ಮೂರೇ ಮಾತು.

“ಆಕ್ಷನ್” ಅಂದ ಗಡ್ಡದ ಹುಡುಗ.

ಅತ್ತೆ ಹಂಡೆಯ ನೀರಿಗೆ ಬೆರಳದ್ದಿ ನೋಡಿದರು. “ಅವ್ನು ಬರ್ತಾನೆ ಅಂತ ನೀರು ಕಾಯ್ಸಿದ್ದೆ. ಆರಿಹೋಯ್ತು. ಪರವಾಗಿಲ್ಲ, ಮತ್ತೆ ಕಾಯಿಸ್ತೀನಿ.”

ಧ್ವನಿ ಹಿಡಿಯುವವನು ಕಿವಿಯ ಹೆಡ್‌ಫೋನು ತೆಗೆದು ಕಣ್ಣೊರೆಸಿಕೊಂಡು ಅತ್ತೆಯ ಹತ್ತಿರ ಬಂದ. “ಅಮ್ಮ, ಚಿಕ್ಕಂದಿನಿಂದ ನಿಮ್ಮ ಹಳೇ ಧ್ವನಿ ಕೇಳ್ಕೊಂಡು ಬೆಳೆದವನು ನಾನು. ಈಗ ಹೇಳ್ತೀನಿ, ಅದು ಸತ್ತಿದ್ದೇ ಒಳ್ಳೇದಾಯ್ತು ಬಿಡಿ. ಇದ್ರ ಮುಂದೆ ಅದೇನೂ ಅಲ್ಲ.”

ಚಪ್ಪಾಳೆ ಬಿತ್ತು. ಹನ್ನೊಂದು ವರ್ಷದ ಮೇಲಿನ ಚಪ್ಪಾಳೆ. ಅತ್ತೆಯ ಮುಖ ಅರಳಿತು, ನಾನು ಕಂಡೆ. ಅವರಿಗೆ ಬೇಕಾದದ್ದು ಸಿಕ್ಕಿತ್ತು. ಸುಮ್ಮನೆ ಕೈ ಮುಗಿದಿದ್ದರೆ ಮುಗಿದುಹೋಗುತ್ತಿತ್ತು. ಕೈ ಎತ್ತಿದರು ಕೂಡ. ಅರ್ಧಕ್ಕೆ ಇಳಿಸಿದರು.

“ಯಾರಪ್ಪ ಸತ್ತಿದ್ದು?” ಅಂದರು.

“ಅಮ್ಮ!” ಅಂದರು ನನ್ನ ಗಂಡ, ಗಾಬರಿಯಾಗಿ.

“ನೀನು ಸುಮ್ನಿರೋ. ನಿನ್ನ ಹಾವು, ನಿನ್ನ ಕೋಲು ಎರಡೂ ಸಾಕು.” ಅತ್ತೆ ಶಾಲು ಕಿತ್ತು ಮಡಿಲಿಗೆ ಹಾಕಿಕೊಂಡರು. ಆಮೇಲೆ, ಮೈಕಿಲ್ಲದ ಕಾಲದವರಲ್ಲವೇ, ಕೊನೆಯ ಬೆಂಚಿಗೆ ಕೇಳುವ ಹಾಗೆ ಹೇಳಿದರು: “ಆ ಧ್ವನಿ ಸತ್ತಿಲ್ಲ. ಅಲ್ಲಿ, ಟವೆಲ್ ಹಿಡ್ಕೊಂಡು ಸ್ಟೂಲ್ ಮೇಲೆ ಕೂತಿದೆ. ನಲವತ್ತೆರಡು ಸಿನಿಮಾದಲ್ಲೂ ಮಾತಾಡಿದ್ದು ನನ್ನ ತಂಗಿ. ನಾನು ಬರೀ ತುಟಿ ಆಡಿಸಿದೆ. ನನಗೋಸ್ಕರ ಮೂವತ್ತು ವರ್ಷ ಬಾಯಿ ಮುಚ್ಕೊಂಡಿದ್ಲು. ಬರ್ಕೊಳ್ಳೋರು ಇದ್ರೆ ಬರ್ಕೊಳ್ಳಿ. ಮೋಸ ಅನ್ನೋರು ನಂಗೆ ಅನ್ನಿ, ಅವ್ಳಿಗಲ್ಲ.”

ಅರವತ್ತು ಜನ ಒಟ್ಟಿಗೆ ಮೂಲೆಯತ್ತ ತಿರುಗಿದರು. “ಅವ್ರಿಗೆ ಮಾತು ಬರಲ್ಲ ಅಲ್ವಾ?” ಅಂದ ಮೇಕಪ್ಪಿನವನು. ನಿರ್ದೇಶಕ ಬಾಯಿ ತೆರೆದವನು ಮುಚ್ಚಲಿಲ್ಲ. ನನ್ನ ಗಂಡ ಅಂಗಳದ ಗೋಡೆಗೆ ಒರಗಿಕೊಂಡರು. ಗಿಣಿ ನನ್ನ ಕೈಯನ್ನು ಉಗುರು ನಾಟುವ ಹಾಗೆ ಹಿಡಿದಳು.

ಚಿಕ್ಕತ್ತೆ ಎದ್ದು ನಿಂತರು. ಟವೆಲನ್ನು ನನ್ನ ಹೆಗಲಿಗೆ ಹಾಕಿ, ಅಂಗಳದ ನಡುವೆ ಬಂದು, ಅಕ್ಕನ ಮುಂದೆ ನಿಂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಈಗ ಏನಾದರೂ ದೊಡ್ಡ ಮಾತು ಬರುತ್ತದೆ ಎಂದು ನಾವೆಲ್ಲ ಕಾದೆವು.

“ಅಕ್ಕ,” ಅಂದರು. ಒಂದೇ ಪದಕ್ಕೆ ಆ ಧ್ವನಿ ಹಿಡಿಯುವವನು ನೆಲದ ಮೇಲೆ ಕುಳಿತುಬಿಟ್ಟ. “‘ಪರವಾಗಿಲ್ಲ’ ಅನ್ನೋದನ್ನ ನುಂಗಿಬಿಟ್ಟೆ. ಮನೇಲಿ ಸರಿಯಾಗಿ ಹೇಳ್ತಿದ್ದೆ. ಅಲ್ಲೇ ಇರೋದು ಆ ಮುದುಕಿಯ ಜೀವ. ಇನ್ನೊಂದ್ಸಲ ಹೇಳು.”

ಅತ್ತೆ ಮೂಗು ಸೊರ್ ಎಂದು ಏರಿಸಿದರು. “ಗೊತ್ತಾಯ್ತು ಕಣೆ. ನುಂಗಿದಾಗಲೇ ಗೊತ್ತಾಯ್ತು,” ಅಂದು, ಕಣ್ಣೊರೆಸಿಕೊಂಡು, ಹೋಗಿ ಒಲೆಯ ಮುಂದೆ ಕುಳಿತರು.

ಗಡ್ಡದ ಹುಡುಗ ಹೇಗೋ ಸುಧಾರಿಸಿಕೊಂಡು ಕ್ಯಾಮೆರಾದ ಹತ್ತಿರ ಹೋದ. “ರೆಡಿನಾ ಅಮ್ಮ?”

“ನನ್ನನ್ನೇನು ಕೇಳ್ತೀಯಪ್ಪ,” ಅಂದರು ಅತ್ತೆ. “ಅವಳನ್ನ ಕೇಳು.”

ಅವನು ಚಿಕ್ಕತ್ತೆಯತ್ತ ತಿರುಗಿದ. ಅವರು ಸೆರಗು ಸರಿಮಾಡಿಕೊಂಡು, ಅರವತ್ತು ಜನರನ್ನೂ ಒಂದು ಸಲ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಹೂಂ. ಶುರು ಮಾಡಿ.”